ಹೆಬ್ಬಾಳ ಜಂಕ್ಷನ್‌ಗೆ ಇನ್ನೆಷ್ಟು ಕೋಟಿ ಬೇಕು?

ನಮಸ್ಕಾರ ಎಲ್ರಿಗೂ. ಬೆಳಿಗ್ಗೆ ಒಂಬತ್ತು ಗಂಟೆಗೆ ಯಲಹಂಕ ಕಡೆಯಿಂದ ಬೆಂಗಳೂರು ಸಿಟಿಗೆ ಬರೋರಿಗೆ ಹೆಬ್ಬಾಳ ಅಂದ್ರೆ ಸಾಕು, ಮುಂದಿಂದು ನಾನು ಹೇಳ್ಬೇಕಾಗಿಲ್ಲ. ಎಲಿವೇಟೆಡ್ ರೋಡಲ್ಲಿ ಆರಾಮಾಗಿ ಬಂದ್ಬಿಡ್ತೀರ, ಕೊನೆಯ ಒಂದು ಒಂದೂವರೆ ಕಿಲೋಮೀಟರಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತಿರ್ತೀರ. ಇಷ್ಟು ವರ್ಷ ಇಷ್ಟು ದುಡ್ಡು ಹಾಕಿದ್ರೂ ಯಾಕೆ ಹಿಂಗೆ ಅಂತ ತುಂಬ ಜನ ಕೇಳ್ತಾ ಇರ್ತಾರೆ, ಅದಕ್ಕೆ ಇವತ್ತು ದುಡ್ಡು ಮತ್ತೆ ಡಿಸೈನ್ ಎರಡನ್ನೂ ಒಟ್ಟಿಗೆ ಇಟ್ಕೊಂಡು ಮಾತಾಡೋಣ.

(ಸ್ಕ್ರೀನ್ ಮೇಲೆ ಹೆಬ್ಬಾಳದ ಮ್ಯಾಪ್)

ಮೊದ್ಲು ಜಾಗ ನೋಡಿ. ಉತ್ತರದಿಂದ ದಕ್ಷಿಣಕ್ಕೆ ಬಳ್ಳಾರಿ ರೋಡು, ಅಡ್ಡಕ್ಕೆ ಔಟರ್ ರಿಂಗ್ ರೋಡು, ಪಕ್ಕದಲ್ಲೇ ರೈಲ್ವೆ ಲೈನು, ಇನ್ನೊಂದು ಪಕ್ಕ ಕೆರೆ. ಅಂದ್ರೆ ಅಗಲ ಮಾಡ್ತೀವಿ ಅಂದ್ರೂ ಮಾಡೋಕೆ ಜಾಗ ಕಮ್ಮಿ. ಇಲ್ಲಿ ಫ್ಲೈಓವರ್ ಓಪನ್ ಆಗಿದ್ದು 2003ರಲ್ಲಿ, ಆವಾಗ ಏರ್‌ಪೋರ್ಟ್ ಇನ್ನೂ ಎಚ್‌ಎಎಲ್‌ನಲ್ಲಿತ್ತು. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಆಮೇಲೆ ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆಗೆ ಆರು ಲೇನಿನ ಎಲಿವೇಟೆಡ್ ರೋಡ್ ಬಂತು, 2014ರ ಹೊತ್ತಿಗೆ ಅದೂ ರೆಡಿ. ಆದ್ರೆ ಆ ರೋಡು ಬಂದು ಇಳಿಯೋ ಜಾಗ ಮಾತ್ರ ಅದೇ ಹಳೇ ಫ್ಲೈಓವರ್ರು. ದೊಡ್ಡ ಪೈಪು ತಂದು ಸಣ್ಣ ನಲ್ಲಿಗೆ ಜೋಡಿಸಿದಂಗೆ.

ಈಗ ಅಸಲಿ ವಿಷ್ಯ, ಮರ್ಜಿಂಗ್, ಅಂದ್ರೆ ಬೇರೆ ಬೇರೆ ಕಡೆಯ ಗಾಡಿಗಳು ಒಂದೇ ರೋಡಿಗೆ ಸೇರೋದು. ಎಸ್ಟೀಮ್ ಮಾಲ್ ಹತ್ರ ನಿಂತು ನೋಡಿ. ಏರ್‌ಪೋರ್ಟ್ ಕಡೆ ಗಾಡಿಗಳು ಮೇಲಿಂದ ಇಳೀತಾವೆ, ನಾಗವಾರ ಕಡೆಯವು ಒಂದು ಪಕ್ಕದಿಂದ, ತುಮಕೂರು ರೋಡ್ ಕಡೆಯವು ಸುತ್ತಿ ಬರ್ತಾವೆ, ಸರ್ವಿಸ್ ರೋಡಿಂದ ಬಸ್ಸು ಆಟೋ ನುಗ್ತಾವೆ, ಎಲ್ಲಾ ಸೇರ್ಕೊಂಡು ಮೇಖ್ರಿ ಸರ್ಕಲ್ ಕಡೆ ಹೋಗ್ಬೇಕು. ಒಂದು ಲೇನಲ್ಲಿ ಎಲ್ಲಾ ಚೆನ್ನಾಗಿದ್ದಾಗ ಗಂಟೆಗೆ ಹೆಚ್ಚು ಕಮ್ಮಿ 1,800ರಿಂದ 2,000 ಕಾರು ಹೋಗ್ಬೋದು, ಅದಕ್ಕಿಂತ ಜಾಸ್ತಿ ಹೋಗಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ, ಇದು ಉದಾಹರಣೆಗೆ ಅಷ್ಟೇ, ಹೆಬ್ಬಾಳದ ಸರ್ವೆ ಅಂಕಿ ಅಲ್ಲ. ಆಚೆ ಹೋಗೋಕೆ ಮೂರು ಲೇನು, ಗಂಟೆಗೆ 5,400 ಗಾಡಿ ಅಂತಿಟ್ಕೊಳ್ಳಿ. ಬರ್ತಿರೋದು 6,000. ವ್ಯತ್ಯಾಸ ಬರೀ 600, ನೂರಕ್ಕೆ ಸುಮಾರು ಹನ್ನೊಂದು ಜಾಸ್ತಿ ಅಷ್ಟೇ. ಆದ್ರೆ ಆ 600 ಗಾಡಿ ಎಲ್ಲಿಗೆ ಹೋಗ್ತಾವೆ? ಅಲ್ಲೇ ನಿಲ್ತಾವೆ. ಲೇನಿಗೆ 200, ಒಂದೊಂದಕ್ಕೆ ಏಳು ಮೀಟರ್ ಜಾಗ ಅಂದ್ರೂ 1,400 ಮೀಟರ್ ಕ್ಯೂ, ಒಂದೇ ಗಂಟೆಲಿ! ಅದ್ರ ಮೇಲೆ ಸೇರೋ ಜಾಗದಲ್ಲಿ ಒಬ್ಬ ಎಡಕ್ಕೆ ಬರ್ಬೇಕು ಒಬ್ಬ ಬಲಕ್ಕೆ ಹೋಗ್ಬೇಕು ಅಂತ ಒಬ್ರಿಗೊಬ್ರು ಅಡ್ಡ ಹಾಕಿದ್ರೆ ಆ 5,400 ಕೂಡ ಹೋಗಲ್ಲ. ಸೇರೋಕೆ ಉದ್ದ ಜಾಗ ಬಿಟ್ಟಿದ್ರೆ ನಿಧಾನಕ್ಕೆ ಹೊಂದ್ಕೊಂಡು ಸೇರ್ತಾರೆ, ನೂರಿನ್ನೂರು ಮೀಟರಲ್ಲೇ ಎಲ್ಲಾ ಮುಗೀಬೇಕು ಅಂದ್ರೆ ಬ್ರೇಕ್ ಹಾಕ್ಲೇಬೇಕು, ಒಬ್ಬ ಬ್ರೇಕ್ ಹಾಕಿದ್ರೆ ಹಿಂದೆ ನೂರು ಜನ ಹಾಕ್ಬೇಕು.

ಹಂಗಾಗಿ 2025ರ ಆಗಸ್ಟ್ 18ಕ್ಕೆ ಓಪನ್ ಮಾಡಿದ್ರಲ್ಲ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಟ್ಟಿರೋ ಹೊಸ ಲೂಪ್, ಅಂದ್ರೆ ಒಂದು ರೋಡಿಂದ ಇನ್ನೊಂದಕ್ಕೆ ಸೇರಿಸೋ ಫ್ಲೈಓವರ್ ಕವಲು, ಕೆ.ಆರ್.ಪುರ ನಾಗವಾರ ಕಡೆಯಿಂದ ಮೇಖ್ರಿ ಸರ್ಕಲ್ ಕಡೆಗೆ, ಅದು ಸರಿಯಾದ ಜಾಗಕ್ಕೇ ಕೈ ಹಾಕಿದೆ ಅಂತ ನನ್ನ ಅಭಿಪ್ರಾಯ. ಸುಮಾರು 700 ಮೀಟರ್ ಉದ್ದ, ಸುಮಾರು 80 ಕೋಟಿ ಖರ್ಚು. ಹಳೇ ಫ್ಲೈಓವರ್ ಮೇಲೆ ಏರ್‌ಪೋರ್ಟ್ ಗಾಡಿಗಳ ಜೊತೆ ಗುದ್ದಾಡ್ಕೊಂಡು ಸೇರ್ತಿದ್ದವರಿಗೆ ಬೇರೆ ದಾರಿ ಸಿಕ್ತು. 700 ಮೀಟರಿಗೆ 80 ಕೋಟಿನಾ, ಕಿಲೋಮೀಟರಿಗೆ 114 ಕೋಟಿ ಆಯ್ತಲ್ಲ ಅಂತ ಕೇಳ್ಬೋದು. ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲ್ಸಕ್ಕೆ ಬರಲ್ಲ, ಯಾಕಂದ್ರೆ ಓಡಾಡೋ ಗಾಡಿ ನಿಲ್ಲಿಸ್ದೆ, ರೈಲ್ವೆ ಲೈನ್ ದಾಟಿಸ್ಕೊಂಡು, ಹಳೇ ರೋಡಿಗೇ ಹೊಸ ರೋಡು ಅಂಟಿಸ್ಬೇಕು. ಖಾಲಿ ಹೊಲದಲ್ಲಿ ಹೈವೇ ಹಾಕಿದಂಗಲ್ಲ ಅದು. ಕೇಳ್ಬೇಕಾಗಿರೋದು, ಕ್ಯೂ ಕರಗ್ತಾ ಅಥವಾ ಮುಂದಕ್ಕೆ ಹೋಯ್ತಾ ಅಂತ.

ಮುಂದೆ ಏನಿದೆ ನೋಡಿ. ಮೇಖ್ರಿ ಸರ್ಕಲ್, ಅದಾದ್ಮೇಲೆ ಅರಮನೆ ಮೈದಾನ. ಅಲ್ಲಿ ಬಳ್ಳಾರಿ ರೋಡ್ ಅಗಲ ಮಾಡೋಕೆ ಬೇಕಾಗಿರೋದು ಹದಿನೈದು ಎಕರೆ ಚಿಲ್ರೆ ಜಾಗ, ಅದಕ್ಕೆ ಮೈಸೂರು ರಾಜಮನೆತನದವರಿಗೆ ಟಿಡಿಆರ್ (ಜಾಗ ಬಿಟ್ಟುಕೊಟ್ಟಿದ್ದಕ್ಕೆ ದುಡ್ಡಿನ ಬದಲು ಬೇರೆ ಕಡೆ ಜಾಸ್ತಿ ಕಟ್ಟೋಕೆ ಸಿಗೋ, ಮಾರ್ಬೋದಾದ ಹಕ್ಕು) ಕೊಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಲ್ಲಿ ಹೇಳ್ತು, ಆ ಟಿಡಿಆರ್ ಬೆಲೆ 3,000 ಕೋಟಿ ದಾಟುತ್ತೆ. ಹೆಬ್ಬಾಳದಲ್ಲಿ 80 ಕೋಟಿಗೆ ಬಿಟ್ಟ ಗಾಡಿಗಳಿಗೆ ಮುಂದಿನ ಸರ್ಕಲಲ್ಲಿ ಜಾಗ ಮಾಡ್ಕೊಡ್ಬೇಕಂದ್ರೆ ಸಾವಿರ ಕೋಟಿಗಳ ಮಾತು. ಒಂದು ಜಂಕ್ಷನ್ನಿನ ಖರ್ಚನ್ನ ಅದೊಂದರದ್ದೇ ಅಂತ ನೋಡ್ಬಾರದು ಅನ್ನೋದು ಇದಕ್ಕೇ.

ಇದೇ ರೋಡಿನ ಹಳೇ ಕಥೆ ನೆನಪಿದ್ಯಾ, 2016ರ ಸ್ಟೀಲ್ ಫ್ಲೈಓವರ್? ಬಸವೇಶ್ವರ ಸರ್ಕಲಿಂದ ಹೆಬ್ಬಾಳಕ್ಕೆ, 1,791 ಕೋಟಿ ಖರ್ಚು, 812 ಮರ ಕಡಿಯೋ ಪ್ಲಾನು. ಅಕ್ಟೋಬರ್ 16ಕ್ಕೆ ಸಾವಿರಾರು ಜನ ರೋಡಲ್ಲಿ ಕೈ ಕೈ ಹಿಡ್ಕೊಂಡು ನಿಂತಿದ್ರು, 2017ರ ಮಾರ್ಚಲ್ಲಿ ಸರ್ಕಾರ ಪ್ರಾಜೆಕ್ಟ್ ಕೈಬಿಡ್ತು. ಮರಗಳು ಉಳಿದ್ವು, ಅದು ಜನ ಗೆದ್ದಿದ್ದು, ನಂಗೆ ಅದ್ರ ಬಗ್ಗೆ ಈಗ್ಲೂ ಹೆಮ್ಮೆ ಇದೆ.

ಈಗ ಟನಲ್ ರೋಡ್ ಅಂತ ನೆಲದಡಿ ರೋಡಿನ ಪ್ಲಾನ್. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 16.75 ಕಿಲೋಮೀಟರ್, ಅಂದಾಜು 17,700 ಕೋಟಿ. ಇದ್ರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡ್ತೀನಿ. ನಮ್ಮ ಮೆಟ್ರೋ ಮೂರನೇ ಹಂತಕ್ಕೆ ಕೇಂದ್ರ 2024ರ ಆಗಸ್ಟಲ್ಲಿ ಒಪ್ಪಿಗೆ ಕೊಡ್ತು, ಎರಡು ಲೈನ್ ಸೇರಿ 44.65 ಕಿಲೋಮೀಟರ್, 15,611 ಕೋಟಿ. ಅದ್ರಲ್ಲಿ ಒಂದು ಲೈನು ಜೆ.ಪಿ.ನಗರದಿಂದ ಕೆಂಪಾಪುರಕ್ಕೆ, ಇದೇ ಹೆಬ್ಬಾಳದ ಮೇಲೆ. ಅಷ್ಟೇ ದುಡ್ಡಿಗೆ ಎಲ್ಲಿ ಎಷ್ಟು ಜನ ಹೋಗ್ತಾರೆ ನೀವೇ ಯೋಚ್ನೆ ಮಾಡಿ. ದುಡ್ಡಿಗಿಂತ ನಂಗೆ ಹೆಚ್ಚು ಚಿಂತೆ ಡಿಸೈನಿಂದು. ಟನಲ್ ಬಾಯಿ ಬರೋದು ಎಸ್ಟೀಮ್ ಮಾಲ್ ಆಸುಪಾಸಲ್ಲೇ, ಅಂದ್ರೆ ಈಗಾಗ್ಲೇ ನಾಲ್ಕು ಕಡೆಯಿಂದ ಸೇರೋ ಜಾಗಕ್ಕೆ ಐದನೇದು. ಸಿಲ್ಕ್ ಬೋರ್ಡಿಂದ ಬೇಗ ಬಂದು ಹೆಬ್ಬಾಳದಲ್ಲಿ ಮೇಲೆ ಬಂದಾಗ ಅಲ್ಲಿ ಕ್ಯೂ ಇದ್ರೆ ಆ ಕ್ಯೂ ಟನಲ್ ಒಳಗೇ ನಿಲ್ಲುತ್ತೆ. ಬೈಕಿಗೆ ಒಳಗೆ ಪ್ರವೇಶ ಇಲ್ಲ ಅಂತಿದಾರೆ, ಬೆಂಗಳೂರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿ ಬೈಕು ಸ್ಕೂಟರ್‌ಗಳೇ, ಅವ್ರೆಲ್ಲ ಮೇಲೇ ಇರ್ತಾರೆ.

(ಸ್ಕ್ರೀನ್ ಮೇಲೆ ಫ್ಲೈಓವರ್ ಕೆಳಗಿನ ಬಸ್ ಸ್ಟಾಪಿನ ಶಾಟ್)

ಇನ್ನು ಯಾರೂ ಮಾತಾಡ್ದೇ ಇರೋ ಡಿಸೈನ್ ಅಂದ್ರೆ ಇದು, ನಡ್ಕೊಂಡು ಹೋಗೋರದ್ದು. ರಿಂಗ್ ರೋಡ್ ಬಸ್ಸಿಂದ ಇಳಿದು ಏರ್‌ಪೋರ್ಟ್ ಕಡೆ ಅಥವಾ ಮೆಜೆಸ್ಟಿಕ್ ಕಡೆ ಬಸ್ಸು ಹತ್ಬೇಕಾದ್ರೆ ಏನು ಪಾಡು ಅಂತ ನಾನು ಕಂಡಿದೀನಿ, ಅಮ್ಮನ ಕೈ ಹಿಡ್ಕೊಂಡು ಆ ಸರ್ವಿಸ್ ರೋಡ್ ದಾಟೋಕೆ ನಿಂತಾಗ ಒಂದು ಗಾಡಿನೂ ನಿಧಾನ ಮಾಡ್ಲಿಲ್ಲ, ಬ್ಯಾಗು ಹೊತ್ಕೊಂಡು ಓಡಿದ್ದು, ಅಮ್ಮ ಆ ಕಡೆ ಹೋಗಿ ಕಂಬ ಹಿಡ್ಕೊಂಡು ನಿಂತ್ಬಿಟ್ರು. ಒಂದು ಬಿಎಂಟಿಸಿ ಬಸ್ಸು ಮೂರು ಕಾರಿನಷ್ಟು ರೋಡ್ ತಗೊಳ್ಳುತ್ತೆ ಅಂತ ಎಂಜಿನಿಯರ್‌ಗಳು ಲೆಕ್ಕ ಹಾಕ್ತಾರೆ, ಆದ್ರೆ ಅದ್ರೊಳಗೆ ಐವತ್ತು ಅರವತ್ತು ಜನ ಇರ್ತಾರೆ. ಆ ಮೂರು ಕಾರಲ್ಲಿ ಎಷ್ಟು ಜನ? ನಾಲ್ಕೋ ಐದೋ.

ಮೆಟ್ರೋ ಬ್ಲೂ ಲೈನು ಹೆಬ್ಬಾಳದ ಮೇಲೇ ಏರ್‌ಪೋರ್ಟಿಗೆ ಹೋಗುತ್ತೆ, ಮೂರನೇ ಹಂತದ ಲೈನ್ ಬರುತ್ತೆ, ಸಬರ್ಬನ್ ರೈಲಿನ ಮಲ್ಲಿಗೆ ಲೈನಿಗೂ ಹೆಬ್ಬಾಳದಲ್ಲಿ ಸ್ಟೇಷನ್. ಎಲ್ಲಾ ಒಂದೇ ಕಡೆ ಸೇರಿಸೋಕೆ ಮೆಟ್ರೋದವರು 45 ಎಕರೆ ಜಾಗ ಕೇಳಿದ್ರು. ಆ ಜಾಗ ಯಾವತ್ತು ಎಷ್ಟು ಸಿಗುತ್ತೋ, ಅದ್ರ ಮೇಲೆ ಹೆಬ್ಬಾಳದ ಮುಂದಿನ ಐವತ್ತು ವರ್ಷ ನಿಂತಿದೆ ಅಂತ ನಾನು ನಂಬಿದೀನಿ. ಜಾಗ ಒಂದ್ಸಲ ಬೇರೆಯವರ ಕೈಗೆ ಹೋದ್ರೆ ವಾಪಸ್ ಬರಲ್ಲ, ಲೂಪ್ ಬೇಕಾದ್ರೆ ಇನ್ನೊಂದು ಕಟ್ಬೋದು.

ನೀವು ದಿನಾ ಹೆಬ್ಬಾಳ ದಾಟೋರಾಗಿದ್ರೆ ಒಂದು ಉಪಕಾರ ಮಾಡಿ. ಹೊಸ ಲೂಪ್ ಆದ್ಮೇಲೆ ನಿಮ್ಮ ಕ್ಯೂ ಎಲ್ಲಿಂದ ಶುರುವಾಗುತ್ತೆ, ಎಷ್ಟು ಗಂಟೆಗೆ, ಯಾವ ಕಡೆಯಿಂದ ಬರ್ತೀರ, ಬಸ್ಸಾ ಬೈಕಾ ಕಾರಾ ಅಂತ ಕೆಳಗೆ ಬರೀರಿ. ಎಲ್ಲಾನೂ ಮ್ಯಾಪ್ ಮೇಲೆ ಹಾಕಿ ಮುಂದಿನ ವಿಡಿಯೋದಲ್ಲಿ ತೋರಿಸ್ತೀನಿ.