ಕೊರೆಲ್ಲಿಯ ಪಿಟೀಲು ಸೊನಾಟಗಳು: ಬರೆಯದೆ ಬಿಟ್ಟ ಸ್ವರಗಳು

ಕೇಳುಗರಿಗೆ ನಮಸ್ಕಾರ.

ಇಟಲಿಯ ಪಿಟೀಲು ವಾದಕ ಆರ್ಕಾಂಜೆಲೊ ಕೊರೆಲ್ಲಿಯ ಐದನೆಯ ಕೃತಿಗುಚ್ಛ ರೋಮ್ ನಗರದಲ್ಲಿ ಅಚ್ಚಾಯಿತು. ಅದರ ಅರ್ಪಣೆಯ ಪುಟದಲ್ಲಿ 1700ರ ಜನವರಿ 1 ಎಂಬ ತಾರೀಖಿದೆ. ಅದರಲ್ಲಿರುವ 12 ಸೊನಾಟಗಳ, ಅಂದರೆ ವಾದ್ಯಕ್ಕೆಂದೇ ಬರೆದ ರಚನೆಗಳ, ಯಾವ ಪುಟವನ್ನು ತೆರೆದರೂ ಕಾಣುವುದು ಎರಡೇ ಸಾಲು: ಮೇಲೆ ಪಿಟೀಲಿನದು, ಕೆಳಗೆ ಮಂದ್ರಸ್ವರಗಳದು, ಆ ಕೆಳಸಾಲಿಗೆ ಅಂಟಿಕೊಂಡಂತೆ ಅಲ್ಲಲ್ಲಿ 6, 7, 4 ಎಂಬ ಪುಟ್ಟ ಅಂಕಿಗಳು. ಹಾರ್ಪ್ಸಿಕಾರ್ಡ್ ಎಂಬ, ಕೀಲಿಗಳನ್ನೊತ್ತಿ ತಂತಿ ಮೀಟುವ ವಾದ್ಯವನ್ನು ನುಡಿಸುವವನ ಬಲಗೈಗೆಂದು ಒಂದು ಸ್ವರವನ್ನೂ ಬರೆದಿಲ್ಲ. ಅದನ್ನು ಆತ ಅಂಕಿಗಳನ್ನು ಓದುತ್ತ, ನುಡಿಸುತ್ತಲೇ ಕಟ್ಟಿಕೊಳ್ಳಬೇಕು. ಬಾಸ್ಸೊ ಕಂಟಿನ್ಯುವೊ ಎಂದು ಕರೆಯುವುದು ಈ ಪದ್ಧತಿಯನ್ನೇ.

ಅಂಕಿಯ ಲೆಕ್ಕ ಸರಳವಾದದ್ದು. ನಮ್ಮ ಸ್ವರಗಳ ಹೆಸರಿನಲ್ಲೇ ಹೇಳುವುದಾದರೆ, ಮಂದ್ರದಲ್ಲಿ ಗಾಂಧಾರವಿದ್ದು ಅದಕ್ಕೆ 6 ಎಂಬ ಅಂಕಿಯಿದ್ದರೆ, ಗಾಂಧಾರವನ್ನೇ ಒಂದೆಂದು ಹಿಡಿದು ಗ, ಮ, ಪ, ದ, ನಿ, ಸ ಎಂದು ಎಣಿಸಿ ಆರನೆಯದಾದ ಷಡ್ಜವನ್ನು ಒತ್ತಬೇಕು. ಮೂರನೆಯದಾದ ಪಂಚಮವನ್ನು ಹೇಳದಿದ್ದರೂ ಸೇರಿಸಿಕೊಳ್ಳಬೇಕು. ಆದರೆ ಆ ಸ್ವರಗಳನ್ನು ಒಟ್ಟಿಗೆ ಒತ್ತುವುದೋ, ಕೆಳಗಿನಿಂದ ಒಂದೊಂದಾಗಿ ಬಿಡಿಸುವುದೋ, ಪಿಟೀಲು ಮೆಲ್ಲಗಾದಾಗ ಒಂದೆರಡನ್ನು ಕೈಬಿಡುವುದೋ ಎಂಬುದು ವಾದಕನ ವಿವೇಚನೆಗೆ ಸೇರಿದ್ದು. ಹಾರ್ಪ್ಸಿಕಾರ್ಡಿನ ತಂತಿಯನ್ನು ಮೀಟಿದೊಡನೆ ನಾದ ಕರಗತೊಡಗುವುದರಿಂದ, ನಿಧಾನಗತಿಯ ಭಾಗಗಳಲ್ಲಿ ಹೀಗೆ ಬಿಡಿಸಿ ನುಡಿಸುವುದು ಅಲಂಕಾರ ಮಾತ್ರವಲ್ಲ, ಮೌನವನ್ನು ತುಂಬುವ ಉಪಾಯವೂ ಹೌದು. ಇನ್ನೊಂದು ಮಾತು: ಮುಖಪುಟದಲ್ಲಿ ಕೊರೆಲ್ಲಿ ಕೇಳಿರುವುದು ಪಿಟೀಲಿನ ಜೊತೆಗೆ ‘ವಿಯೊಲೋನೆ ಅಥವಾ ಹಾರ್ಪ್ಸಿಕಾರ್ಡ್’. ವಿಯೊಲೋನೆ ಎಂದರೆ ಕಮಾನಿನಿಂದ ನುಡಿಸುವ ದೊಡ್ಡ ಮಂದ್ರವಾದ್ಯ; ಚೆಲ್ಲೊ ಕೂಡ ಅದೇ ಬಗೆಯದು. ಇಂದು ಚೆಲ್ಲೊ, ಹಾರ್ಪ್ಸಿಕಾರ್ಡ್ ಎರಡನ್ನೂ ಕೂಡಿಸುವುದು ರೂಢಿಯಾದರೂ, ಆ ‘ಅಥವಾ’ ಎಂಬ ಪದವನ್ನು ನಂಬಿ ಒಂದೇ ಮಂದ್ರವಾದ್ಯದೊಡನೆ ನುಡಿಸಿದಾಗ ಪಿಟೀಲಿನ ಸಾಲು ಎಷ್ಟು ಬಯಲಾಗಿ ನಿಲ್ಲುತ್ತದೆಂಬುದನ್ನು ಕೇಳಿಯೇ ತಿಳಿಯಬೇಕು.

ಬರೆಯದೆ ಬಿಟ್ಟದ್ದು ಪಿಟೀಲಿನ ಸಾಲಿನಲ್ಲಿಯೂ ಉಂಟು. ಅಡಾಜಿಯೊ ಎಂಬ ವಿಳಂಬಗತಿಯ ಭಾಗಗಳು ಅಚ್ಚಿನಲ್ಲಿ ಎಷ್ಟು ಬರಿದಾಗಿವೆಯೆಂದರೆ, ಕಲಿಯುವವರು ಇದರಲ್ಲೇನಿದೆ ಎಂದು ಪುಟ ತಿರುವಿಹಾಕಿದರೂ ಆಶ್ಚರ್ಯವಿಲ್ಲ. ನೀಳವಾದ ಒಂದೊಂದು ಸ್ವರವನ್ನೂ ವಾದಕ ತನ್ನ ಅಲಂಕಾರಗಳಿಂದ ತುಂಬುತ್ತಾನೆಂಬುದು ಅಂದಿನ ನಿರೀಕ್ಷೆ. 1710ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಎಸ್ಟಿಯೆನ್ ರೋಜೆ, ಮೊದಲ ಆರು ಸೊನಾಟಗಳ ಅಡಾಜಿಯೊಗಳನ್ನು ಕೊರೆಲ್ಲಿಯೇ ನುಡಿಸುವ ರೀತಿಯ ಅಲಂಕಾರಗಳೊಂದಿಗೆ ಕೊಡುತ್ತಿದ್ದೇನೆಂದು ಸಾರಿ ಹೊಸ ಮುದ್ರಣವನ್ನು ಹೊರತಂದ. ಅವು ಕೊರೆಲ್ಲಿಯವೇ ಎಂಬುದನ್ನು ಸಂಶಯಿಸಿದವರು ಆ ಕಾಲದಲ್ಲೇ ಇದ್ದರು. ಆದರೂ ಬರಿಯ ಸಾಲನ್ನೂ ತುಂಬಿದ ಸಾಲನ್ನೂ ಒಂದೇ ಪುಟದಲ್ಲಿ ಕೆಳಗೆ ಮೇಲೆ ಇಟ್ಟು ತೋರಿಸಿದ ಆ ಮುದ್ರಣ ನನಗೆ ಅಮೂಲ್ಯವೆನಿಸುತ್ತದೆ. ಕೆಳಗೆ ಎರಡೇ ಸ್ವರಗಳಿರುವೆಡೆ ಮೇಲೆ ಓಡುವ ಸ್ವರಗಳ ದೊಡ್ಡ ಗೊಂಚಲೇ ಇದೆ, ಅವೆರಡರ ತಳದಲ್ಲಿ ಅದೇ ಮಂದ್ರ, ಅವೇ ಅಂಕಿಗಳು.