ಕುಚ್ಚು ಅಲುಗಾಡಿದಾಗ: ಕೈರೋದ ನರ್ತಕಿಯರು ಮತ್ತು ಅವರ ವೇಷ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಬೆಲ್ಲಿ ಡಾನ್ಸ್ ಸೊಂಟದ ಪಟ್ಟಿಯನ್ನು ನೀವೆಲ್ಲ ಒಳಗೆ ಬಂದಾಗಿನಿಂದ ನೋಡುತ್ತಿದ್ದೀರಿ. ಮಾತು ಮುಗಿದ ಮೇಲೆ ಎಲ್ಲರ ಕೈಗೂ ಕೊಡುತ್ತೇನೆ. ಅಲ್ಲಿವರೆಗೆ ಅದು ಅಲ್ಲೇ ಇರಲಿ. ಹೀಗೆ ಮಲಗಿರುವಾಗ ಅದು ಮಣಿ, ಚಮಕಿ, ದಾರ, ಅಷ್ಟೇ. ಕುಣಿಯುವವಳ ಸೊಂಟಕ್ಕೆ ಏರಿದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ಆ ಕೆಲಸ ಏನು ಅಂತ ಹೇಳೋದಕ್ಕೇ ನಾನು ಬಂದಿದ್ದೇನೆ.

ನಾನು ನೃತ್ಯದ ಬಟ್ಟೆ ಹೊಲಿಯುವವಳು. ಜಾಸ್ತಿ ಭರತನಾಟ್ಯದ್ದು. ಅರೆಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತಾಗ, ಮುಂದಿನ ನೆರಿಗೆಯ ಫ್ಯಾನ್ ಪೂರ್ತಿ ಬಿಚ್ಚಿಕೊಳ್ಳಬೇಕು, ಎದ್ದಾಗ ತಾನಾಗಿಯೇ ಮಡಚಿಕೊಳ್ಳಬೇಕು. ಆ ನೆರಿಗೆ ಇಲ್ಲದಿದ್ದರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಅರೆಮಂಡಿ ಎಷ್ಟು ಆಳ ಅಂತ ತಿಳಿಯುವುದೇ ಇಲ್ಲ. ಬೆಲ್ಲಿ ಡಾನ್ಸ್ ವೇಷವನ್ನೂ ನಾನು ಇದೇ ಕಣ್ಣಿನಿಂದ ನೋಡಲು ಕಲಿತೆ.

ಈ ಕುಣಿತಕ್ಕೆ ಅರಬ್ಬಿಯಲ್ಲಿ ರಕ್ಸ್ ಶರ್ಕಿ ಅನ್ನುತ್ತಾರೆ. ಪೂರ್ವದ ಕುಣಿತ ಅಂತ ಅರ್ಥ. ಮನೆಗಳಲ್ಲಿ, ಮದುವೆಗಳಲ್ಲಿ ಈಜಿಪ್ಟಿನ ಹೆಂಗಸರು ಕುಣಿಯುವಾಗ ಉದ್ದ ನಿಲುವಂಗಿಯ ಮೇಲೆ ಒಂದು ಸ್ಕಾರ್ಫ್ ತೆಗೆದು ಸೊಂಟಕ್ಕೆ ಬಿಗಿಯುತ್ತಾರೆ. ನಮ್ಮಲ್ಲಿ ಕೆಲಸಕ್ಕೆ ಇಳಿಯುವ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಿಲ್ಲವೇ, ನೋಡಿದರೆ ಹಾಗೇ ಕಾಣುತ್ತದೆ. ಆದರೆ ಆ ಸ್ಕಾರ್ಫ್ ನಡುವಿಗೆ ಬರುವುದಿಲ್ಲ. ಅದಕ್ಕಿಂತ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಅಲುಗಾಟ ಎಲ್ಲಿಂದ ಹುಟ್ಟುತ್ತದೋ ಅಲ್ಲೇ ಗಂಟು. ಈ ಪಟ್ಟಿಯ ಅಜ್ಜಿ ಆ ಸ್ಕಾರ್ಫ್.

ಈ ಕುಣಿತ ದೊಡ್ಡ ವೇದಿಕೆಗೆ ಬಂದ ಕತೆಯಲ್ಲಿ ಬದೀಯಾ ಮಸಾಬ್ನಿ ಅವರ ಹೆಸರು ಬಾರದೆ ಇರುವುದಿಲ್ಲ. ಸಿರಿಯಾ ಮೂಲದ ಈ ಹೆಣ್ಣುಮಗಳು 1926ರಲ್ಲಿ ಕೈರೋದಲ್ಲಿ ತಮ್ಮದೇ ಸಂಗೀತ-ನೃತ್ಯದ ಕ್ಲಬ್ ತೆರೆದರು. ಈಜಿಪ್ಟಿನ ಹೆಸರಾಂತ ನರ್ತಕಿಯರಾದ ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಇಬ್ಬರೂ ಅಲ್ಲಿ ಕುಣಿದು ಬೆಳೆದವರು. ಅಂಗಳದ ಕುಣಿತ ವೇದಿಕೆ ಹತ್ತಿದಾಗ ಒಂದು ತೊಂದರೆ ಎದುರಾಯಿತು. ಸೊಂಟದ ಸಣ್ಣ ನಡುಕ ದೂರದ ಟೇಬಲ್ಲಿಗೆ ಕಾಣಬೇಕಲ್ಲ? ಮಿಂಚುವ ಮೇಲುಡುಪು, ಮಿಂಚುವ ಪಟ್ಟಿ, ತೇಲುವ ಸ್ಕರ್ಟ್ ಇರುವ ಎರಡು ತುಂಡಿನ ವೇಷ ಆ ಕಾಲದಲ್ಲೇ ಬೇರುಬಿಟ್ಟಿತು. ಅದರಲ್ಲಿ ಯುರೋಪಿನ ರಂಗಭೂಮಿ ಮತ್ತು ಹಾಲಿವುಡ್ ಕಂಡ ಕನಸಿನ ಪಾಲೂ ಇದೆ. ಆದರೆ ಈಜಿಪ್ಟಿನವರು ಅದನ್ನು ತಮ್ಮ ಕುಣಿತಕ್ಕೆ ಬೇಕಾದ ಹಾಗೆ ಪಳಗಿಸಿಕೊಂಡರು. ಅದಕ್ಕೆ ಬದ್ಲಾ ಅನ್ನುತ್ತಾರೆ. ಅರಬ್ಬಿಯಲ್ಲಿ ಹಾಗೆಂದರೆ ಸೂಟು.

ವೇಷ ನಡುವಿನಲ್ಲಿ ಯಾಕೆ ಒಡೆದಿದೆ ಅಂತ ತುಂಬಾ ಜನ ಕೇಳುತ್ತಾರೆ. ಎದೆ ಒಂದು ತಾಳಕ್ಕೆ ಆಡಿದರೆ ಸೊಂಟ ಇನ್ನೊಂದಕ್ಕೆ ಆಡುವುದು ಈ ಕುಣಿತದ ಜೀವ. ಎರಡೂ ಬೇರೆ ಬೇರೆ ಅಂತ ಕಣ್ಣಿಗೆ ತಿಳಿಯಬೇಕಾದರೆ ನಡುವೆ ಒಂದು ಖಾಲಿ ಜಾಗ ಬೇಕು.

ಆ ಖಾಲಿ ಜಾಗದ ಮೇಲೇ ಸರ್ಕಾರದ ಕಣ್ಣು ಬಿತ್ತು. 1950ರ ದಶಕದಲ್ಲಿ ಈಜಿಪ್ಟಿನಲ್ಲಿ ಹೊಟ್ಟೆ ಮುಚ್ಚಬೇಕು ಅಂತ ನಿಯಮ ಬಂತು. ಹೊಲಿಯುವವರು ಮೈಬಣ್ಣದ ತೆಳು ಬಲೆ ತಂದರು. ಅದಕ್ಕೆ ಶಬಕಾ ಅನ್ನುತ್ತಾರೆ. ದೂರದಿಂದ ನೋಡಿದರೆ ಬಲೆ ಇದೆ ಅಂತಲೇ ಗೊತ್ತಾಗುವುದಿಲ್ಲ, ನಿಯಮವೂ ಮುರಿಯುವುದಿಲ್ಲ. ಟರ್ಕಿಯಲ್ಲಿ ಈ ನಿರ್ಬಂಧ ಇಲ್ಲ. ಹಾಗಾಗಿ ಟಿವಿಯಿಂದ ಹೆಸರಾದ ದಿದೆಮ್ ಕಿನಾಲಿಯಂಥ ಇಸ್ತಾಂಬುಲ್ ನರ್ತಕಿಯರ ವೇಷ ಇನ್ನೂ ತೆರೆದಂತೆ, ಸ್ಕರ್ಟಿನ ಸೀಳು ಇನ್ನೂ ಎತ್ತರಕ್ಕೆ ಇರುತ್ತದೆ. ನೋಡಿ ಅಭ್ಯಾಸ ಇದ್ದವರು ವೇಷ ಕಂಡೇ ಇದು ಕೈರೋ, ಇದು ಇಸ್ತಾಂಬುಲ್ ಅಂತ ಹೇಳಿಬಿಡುತ್ತಾರೆ.

ಇವತ್ತಿನವರ ವಿಷಯಕ್ಕೆ ಬರುತ್ತೇನೆ. ಮೊದಲು ಕೈರೋದ ನರ್ತಕಿ ದೀನಾ. ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಎಂಎ ಮಾಡಿದವರು. ಚಿಕ್ಕವಯಸ್ಸಿನಲ್ಲೇ ರೆಡಾ ತಂಡದಲ್ಲಿ ಕುಣಿದರು. 1959ರಲ್ಲಿ ಮಹಮೂದ್ ರೆಡಾ ಕಟ್ಟಿದ ಆ ಜಾನಪದ ತಂಡದ್ದು ಮೈತುಂಬ ಬಟ್ಟೆ. ಅಲ್ಲಿಂದ ಬಂದ ದೀನಾ ತುಂಡು ಸ್ಕರ್ಟು, ವಿಚಿತ್ರ ಕತ್ತರಿಕೆಗಳಿಂದ ಇಡೀ ದೇಶದ ಬಾಯಿಗೆ ಬಿದ್ದರು. ನಾನು ಅವರ ಪರ ನಿಲ್ಲುತ್ತೇನೆ. ಅವರ ಕುಣಿತ ಮೆತ್ತಗೆ, ಒಳಗೊಳಗೇ ಹೊರಳುವಂಥದ್ದು. ಸಣ್ಣ ಕದಲಿಕೆಗಳೇ ಜಾಸ್ತಿ. ಅದರ ಮೇಲೆ ಉದ್ದ ಕುಚ್ಚು ಇಳಿಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆ. ಅವರು ಬಟ್ಟೆ ಕಡಿಮೆ ಮಾಡಿದ್ದರಲ್ಲಿ ನನಗೆ ಕಾಣುವುದು ಕುಣಿತದ ಲೆಕ್ಕ.

ರಂದಾ ಕಾಮೆಲ್ ಕೂಡ ರೆಡಾ ತಂಡದಿಂದ ಬಂದವರೇ, ಆದರೆ ಪೂರ್ತಿ ಬೇರೆ. ಸೊಂಟದ ಒಂದೊಂದು ಹೊಡೆತವೂ ಕೊಡಲಿ ಏಟಿನಂತೆ ಖಚಿತ. ಅವರನ್ನು ತಾಳವಾದ್ಯದ ಜೊತೆ ನೋಡಬೇಕು. ಆ ವಾದ್ಯಕ್ಕೂ ಈಜಿಪ್ಟಿನಲ್ಲಿ ತಬ್ಲಾ ಅಂತಲೇ ಹೆಸರು. ನಮ್ಮ ತಬಲಾ ಅಲ್ಲ, ತೊಡೆಯ ಮೇಲೆ ಅಡ್ಡ ಇಟ್ಟು ನುಡಿಸುವ ಹೂಜಿಯಾಕಾರದ್ದು. ಅಂಥ ಹೊಡೆತಕ್ಕೆ ಮೈಗೆ ಅಂಟಿಕೊಳ್ಳುವ ಲೈಕ್ರಾ ಸ್ಕರ್ಟು ಹೊಂದುತ್ತದೆ. ಎಮಾನ್ ಜಾಕಿಯಂಥ ಕೈರೋದ ವಿನ್ಯಾಸಕಿಯರು ಹೊಲಿಯುವ ಅಂಥ ವೇಷಗಳನ್ನು ದೇಶದೇಶಗಳ ನರ್ತಕಿಯರು ತರಿಸಿಕೊಳ್ಳುತ್ತಾರೆ.

ಈಗ ಕೈರೋದಲ್ಲಿ ಹೊರದೇಶದ ನರ್ತಕಿಯರೂ ಹೆಸರು ಮಾಡಿದ್ದಾರೆ. ಬ್ರೆಜಿಲ್‌ನ ಸೊರಾಯಾ ಜಾಯದ್ ಇದ್ದಾರೆ. ರಷ್ಯಾದ ಎಕತೆರಿನಾ ಆಂದ್ರೆಯೆವಾ ಇದ್ದಾರೆ, ವೇದಿಕೆಯ ಹೆಸರು ಗವ್ಹರಾ. 2018ರಲ್ಲಿ ಅವರ ಕುಣಿತದ ಒಂದು ವಿಡಿಯೋ ಎಲ್ಲೆಡೆ ಹರಿದಾಡಿ, ಅವರ ಬಂಧನವೇ ಆಯಿತು. ಉಟ್ಟ ವೇಷವೂ ಆಕ್ಷೇಪಗಳಲ್ಲಿ ಒಂದು. ಬಿಡುಗಡೆಯಾದ ಮೇಲೆ ಮತ್ತೆ ಅದೇ ಊರಿನಲ್ಲಿ ಕುಣಿದರು. ಒಂದು ಬಟ್ಟೆಯ ಅಳತೆ ಒಬ್ಬ ಕಲಾವಿದೆಯನ್ನು ಪೊಲೀಸರವರೆಗೆ ಎಳೆಯಬಹುದು ಅಂದರೆ ಹೊಲಿಯುವ ಕೈಗೆ ಭಯ ಆಗುತ್ತದೆ.

ಈಗ ಈ ಪಟ್ಟಿಗೆ ಬರೋಣ. ಒಳಗಿರುವುದು ದಪ್ಪ ಬಕ್ರಂ, ಅಂದರೆ ಗಡುಸು ಬಟ್ಟೆ. ಮಣಿಗಳ ಭಾರಕ್ಕೆ ಬಟ್ಟೆ ಜೋಲಬಾರದು, ಮಡಚಬಾರದು. ಗಾಜಿನ ಮಣಿ ಜಾಸ್ತಿಯಾದರೆ ಇಡೀ ವೇಷ ಕಿಲೋಗಟ್ಟಲೆ ತೂಗುತ್ತದೆ. ಮೇಲುಡುಪಿನ ಭುಜಪಟ್ಟಿಗೆ ಎಲಾಸ್ಟಿಕ್ ಹಾಕುವಂತಿಲ್ಲ, ಹಾಕಿದರೆ ಹೆಜ್ಜೆಹೆಜ್ಜೆಗೂ ಕುಪ್ಪಳಿಸುತ್ತದೆ. ಇಷ್ಟು ಹುಕ್ಕು ಇದ್ದರೂ ನರ್ತಕಿಯರು ಮೇಲೊಂದು ಪಿನ್ನು ಚುಚ್ಚಿಯೇ ವೇದಿಕೆಗೆ ಹೋಗುವುದು.

ಕುಚ್ಚು ನೋಡಿ. ಸೀರೆಗೆ ಕುಚ್ಚು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಂಟ ಒಂದು ಬೆರಳಿನಷ್ಟು ಅಲುಗಿದರೆ ಕುಚ್ಚಿನ ತುದಿ ಒಂದು ಗೇಣು ಹಾರುತ್ತದೆ. ಸೊಂಟ ಥಟ್ಟನೆ ನಿಂತರೂ ಕುಚ್ಚು ಒಂದು ಗಳಿಗೆ ತೂಗಿ ನಿಲ್ಲುತ್ತದೆ. ಆ ಗಳಿಗೆಯಲ್ಲಿ ತಾಳದ ಅನುರಣನ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಕುಚ್ಚಿನ ಉದ್ದ ಎಷ್ಟು ಅನ್ನುವುದು ಅಲಂಕಾರದ ಪ್ರಶ್ನೆಯಲ್ಲ, ಸಂಗೀತದ ಪ್ರಶ್ನೆ.

ನಾನು ಮೊದಲ ಸಲ ಇಂಥ ಪಟ್ಟಿ ಹೊಲಿದದ್ದು ಬೆಂಗಳೂರಿನ ಒಬ್ಬ ಹುಡುಗಿಗೆ. ಹತ್ತು ಎಳೆ ಕುಚ್ಚನ್ನು ಒಂದೇ ದಾರದಲ್ಲಿ ಓಡಿಸಿದ್ದೆ. ಕುಣಿತದ ನಡುವೆ ಒಂದು ಕಡೆ ದಾರ ತುಂಡಾಯಿತು, ಹತ್ತೂ ಎಳೆ ಸುರಿದವು. ಬರಿಗಾಲು, ಕೆಳಗೆ ಗಾಜಿನ ಮಣಿ. ಅವಳು ಕಾಲು ಎತ್ತದೆ ಜಾರಿಸುತ್ತಾ ಜಾರಿಸುತ್ತಾ ಕುಣಿತ ಮುಗಿಸಿದಳು. ಒಳಗೆ ಬಂದಾಗ ಹಿಮ್ಮಡಿಯಲ್ಲಿ ರಕ್ತ ಇತ್ತು. "ಅಕ್ಕಾ, ಪರವಾಗಿಲ್ಲ ಬಿಡಿ" ಅಂದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಈಗ ಒಂದೊಂದು ಎಳೆಗೂ ಬೇರೆ ಗಂಟು ಹಾಕುತ್ತೇನೆ. ದಾರ ಮಣಿಗಳೊಳಗೆ ಇಳಿದು, ಕೊನೆಯ ಸಣ್ಣ ಮಣಿಯನ್ನು ಸುತ್ತಿ, ಅದೇ ದಾರಿಯಲ್ಲಿ ಮೇಲೆ ಬರಬೇಕು. ಒಂದು ಹರಿದರೆ ಒಂದೇ ಹೋಗುತ್ತದೆ.

ಇನ್ನೊಂದು ಮಾತು ಹೇಳದೆ ಹೋಗಲಾರೆ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾರೊಲೀನಾ ನೆರಿಚ್ಚಿಯೋ ಒಂದು ಬೆಲ್ಲಿ ಡಾನ್ಸ್ ತಂಡ ಕಟ್ಟಿದರು. ಅಲ್ಲಿ ಬೆಳೆದ ಶೈಲಿಯಲ್ಲಿ ಮಿಂಚುವ ಬದ್ಲಾ ಇಲ್ಲ. ಚೋಲಿ, ಭಾರಿ ಘೇರಿನ ಲಂಗ, ಬೆಳ್ಳಿಯಂಥ ಒಡವೆ, ಕವಡೆ, ಕನ್ನಡಿ ಕಸೂತಿ. ಅಮೆರಿಕದ ನರ್ತಕಿ ರೇಚಲ್ ಬ್ರೈಸ್ ಮುಂತಾದವರು ಅದನ್ನು ಮತ್ತೊಂದು ದಾರಿಗೆ ಒಯ್ದರು. ಈ ಶೈಲಿಯ ಸೊಂಟದ ಪಟ್ಟಿಗಳಲ್ಲಿ ಬಂಜಾರ ಕಸೂತಿಯ ಹಳೆಯ ತುಂಡುಗಳು ಇರುತ್ತವೆ. ನೋಡಿದ ಕೂಡಲೇ ನನಗೆ ಸಂಡೂರಿನ ಲಂಬಾಣಿ ಹೆಂಗಸರ ಕೈ ನೆನಪಾಗುತ್ತದೆ. ಅದೇ ಕನ್ನಡಿ, ಅದೇ ಕವಡೆ. ಸಂಡೂರು ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಹೊರದೇಶದ ವೇದಿಕೆಯಲ್ಲಿ ಕುಣಿಯುವ ಆ ಹಳೆಯ ತುಂಡಿನಲ್ಲಿ ಹೊಲಿದವಳ ಹೆಸರಿಲ್ಲ. ಇದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ನರ್ತಕಿಯ ಹೆಸರು ಕೂಗಿ ಹೇಳುವಾಗ ಅದರ ಪಕ್ಕ ಹೊಲಿದವರ ಹೆಸರೂ ಬರಲಿ.

ಈಗ ಪಟ್ಟಿ ತೆಗೆದುಕೊಳ್ಳಿ, ಕೈಯಿಂದ ಕೈಗೆ ದಾಟಿಸಿ. ಮೊದಲು ತಿರುಗಿಸಿ ಹಿಂಭಾಗ ನೋಡಿ. ಅಸ್ತರಿನ ಮೇಲೆ ಸಾಲುಸಾಲಾಗಿ ಸಣ್ಣ ಗಂಟುಗಳಿವೆ. ಎಳೆಗೊಂದು ಗಂಟು. ಆಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒಂದು ಸಲ ಅಲುಗಾಡಿಸಿ.