ಸೂಟ್‌ಕೇಸಿನಲ್ಲಿ ಅಕ್ಕಿ ಬೇಡ: ರಷ್ಯಾಕ್ಕೆ ಓದಲು ಹೊರಟವರಿಗೆ

ಕೇಳುಗರಿಗೆ ನಮಸ್ಕಾರ. ಮಗನನ್ನೋ ಮಗಳನ್ನೋ ಡಾಕ್ಟರ್ ಓದಿಗೆ ರಷ್ಯಾಕ್ಕೆ ಕಳಿಸಲು ಸೂಟ್‌ಕೇಸ್ ತುಂಬುತ್ತಿರುವ ತಂದೆತಾಯಂದಿರೇ, ಇವತ್ತಿನ ಮಾತು ನಿಮಗೆ. ಹೊರಟಿರುವ ಮಕ್ಕಳೂ ಹತ್ತಿರ ಬಂದು ಕೂರಲಿ. ನಾನು ಕುರ್ಸ್ಕ್ ನಗರದಲ್ಲಿ ಓದಿ ಬಂದ ವೈದ್ಯೆ. ಹೇಳುವುದು ಒಂದೇ ಮಾತು: ಹೋದ ಮೊದಲ ವಾರದಿಂದಲೇ ಅಲ್ಲಿಯವರು ಉಣ್ಣುವುದನ್ನು ಉಣ್ಣಿ.

ಅಲ್ಲಿಯವರು ಎಲ್ಲಿ ಉಣ್ಣುತ್ತಾರೆ? ಸ್ತಲೋವಾಯಾದಲ್ಲಿ. ಅಂದರೆ ಕ್ಯಾಂಟೀನು. ಕಾಲೇಜಿನಲ್ಲೂ ಇರುತ್ತದೆ, ಪೇಟೆಯಲ್ಲೂ ಇರುತ್ತದೆ. ಟ್ರೇ ಹಿಡಿದು ಸಾಲಿನಲ್ಲಿ ಸಾಗಬೇಕು. ಸಲಾಡು, ಸೂಪು, ಆಮೇಲೆ ಗಟ್ಟಿ ಊಟ, ಕೊನೆಗೆ ಒಣಹಣ್ಣು ಕುದಿಸಿದ ಸಿಹಿನೀರು, ಕೊಂಪೋತ್. ಎಲ್ಲವೂ ಕಣ್ಣೆದುರಿಗೇ ಇರುತ್ತದೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಭಾಷೆ ಬರುವುದಿಲ್ಲ ಎಂಬ ನೆಪ ಹೇಳಬೇಡಿ.

ನನ್ನ ಜೂನಿಯರ್ ಒಬ್ಬ ಇದ್ದ, ಗದಗಿನ ಕಡೆಯವನು. ಅಪ್ಪಟ ಶಾಕಾಹಾರಿ. ಪೆಟ್ಟಿಗೆ ತುಂಬ ಅಕ್ಕಿ, ಅವಲಕ್ಕಿ, ನೂಡಲ್ಸ್ ಪೊಟ್ಟಣ. ಹಾಸ್ಟೆಲಿನಲ್ಲಿ ಮಹಡಿಗೊಂದೇ ಅಡುಗೆಮನೆ. ಬೆಳಿಗ್ಗೆ ಒಲೆ ಖಾಲಿ ಸಿಗದೆ ನೂಡಲ್ಸಿಗೆ ಬಿಸಿನೀರು ಸುರಿದುಕೊಂಡು ಕ್ಲಾಸಿಗೆ ಓಡುತ್ತಿದ್ದ, ರಾತ್ರಿಯೂ ಅದೇ. ನವೆಂಬರ್ ಬಂತು, ಹಿಮ ಬಿತ್ತು, ಸಂಜೆ ಐದಕ್ಕೆಲ್ಲ ಕತ್ತಲು. ಹುಡುಗ ಸೊರಗಿಹೋದ. ಒಂದು ದಿನ ಅನಾಟಮಿ ಕ್ಲಾಸಿನಲ್ಲಿ ತಲೆ ಸುತ್ತಿ ಕೂತೇಬಿಟ್ಟ.

ಮಧ್ಯಾಹ್ನ ತೋಳು ಹಿಡಿದು ಸ್ತಲೋವಾಯಾಕ್ಕೆ ಕರೆದುಕೊಂಡು ಹೋದೆ. "ಬ್ಯಾಡ್ರೀ ಅಕ್ಕಾ, ಅಲ್ಲಿ ಎಲ್ಲಾದ್ರಾಗೂ ಮಾಂಸ ಇರ್ತೈತ್ರೀ" ಅಂತ ದಾರಿಯುದ್ದಕ್ಕೂ ಒಂದೇ ರಾಗ. ಬಡಿಸಲು ನಿಂತವಳು ಬಿಳಿ ಟೋಪಿ ಹಾಕಿದ ವಯಸ್ಸಾದ ಹೆಂಗಸು. "ಬೆಜ್ ಮ್ಯಾಸಾ" ಅಂದೆ, ಮಾಂಸ ಇಲ್ಲದ್ದು ಕೊಡಿ ಅಂತ. ಆಕೆ ಹುಡುಗನ ಮುಖ ನೋಡಿದಳು, ಸೌಟು ತುಂಬ ಗ್ರೇಚ್ಕಾ ಹಾಕಿದಳು, ಮೇಲೆ ದಪ್ಪ ಬೆಣ್ಣೆ ಇಟ್ಟಳು. ಪಕ್ಕದಲ್ಲಿ ವಿನೆಗ್ರೆತ್: ಬೇಯಿಸಿ ಹೆಚ್ಚಿದ ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್ಟಿಗೆ ಉಪ್ಪುನೀರಿನ ಸೌತೆಕಾಯಿ ಸೇರಿಸಿ ಸೂರ್ಯಕಾಂತಿ ಎಣ್ಣೆಯಲ್ಲಿ ಕಲಸಿದ್ದು.

ಗ್ರೇಚ್ಕಾ ಅಂದರೆ ಹುರಿದ ಬಕ್‌ವೀಟ್. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೇ. ಮೂರು ಮೂಲೆಯ ಕಂದು ಕಾಳು, ಬೆಂದರೂ ಬಿಡಿಬಿಡಿ, ಹುರಿದ ಘಮ. ಹುಡುಗ ಒಂದು ತುತ್ತು ತಿಂದ, ಮಾತಾಡಲಿಲ್ಲ. ಬ್ಯಾಗಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, ಬೆಣ್ಣೆ ಕರಗುತ್ತಿದ್ದ ಕಡೆಗೇ ಉದುರಿಸಿ, ಕೈಯಲ್ಲೇ ಕಲಸಿ ಉಂಡ. ತಟ್ಟೆ ಖಾಲಿ! ಬಡಿಸುವಾಕೆ ಕುತೂಹಲಕ್ಕೆ ನಮ್ಮ ಮೇಜಿಗೇ ಬಂದಳು. ಚಿಟಿಕೆ ಪುಡಿ ನಾಲಿಗೆಗಿಟ್ಟು ಕೆಮ್ಮಿದಳು, ಮತ್ತೆ ಕೈ ಚಾಚಿದಳು. ಆಮೇಲಿಂದ ಅವನಿಗೆ ಕೇಳದೆಯೇ ಎರಡು ಸೌಟು. ಈಸ್ಟರಿಗೆ ಮುಂಚಿನ ಏಳು ವಾರ ಅಲ್ಲಿನ ಕ್ರೈಸ್ತರಿಗೆ ಉಪವಾಸ, ಮಾಂಸ ಮೊಟ್ಟೆ ಹಾಲು ಯಾವುದೂ ಇಲ್ಲದ ಅಡುಗೆ. ಅದನ್ನು ಮಾಡಿದ ದಿನ ದೂರದಿಂದಲೇ ಅವನನ್ನು ಕರೆಯುತ್ತಿದ್ದಳು.

ಈಗ ಹೇಳಿ, ಆ ಹುಡುಗ ಎರಡು ತಿಂಗಳು ನೂಡಲ್ಸ್ ತಿಂದು ಯಾಕೆ ಒಣಗಬೇಕಿತ್ತು? ಬೇಯಿಸದ 100 ಗ್ರಾಂ ಗ್ರೇಚ್ಕಾದಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ 7ರ ಆಸುಪಾಸು. ಕೋಣೆಯಲ್ಲಿ ಮಾಡುವುದೂ ಸುಲಭ. ಒಂದು ಲೋಟ ಕಾಳು, ಎರಡು ಲೋಟ ನೀರು, ಉಪ್ಪು, ಮುಚ್ಚಳ, ಸಣ್ಣ ಉರಿ, 20 ನಿಮಿಷ. ಅಲ್ಲಿಯವರು ಉಣ್ಣುವುದನ್ನು ಉಣ್ಣಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬೋರ್ಷ್, ಬೀಟ್‌ರೂಟಿನ ಕೆಂಪು ಸಾರು, ಮೇಲೊಂದು ಚಮಚ ಸ್ಮೆತಾನಾ ಎಂಬ ಹುಳಿ ಕೆನೆ. ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಿ, ತುಂಡು ಕಾಣದಿದ್ದರೂ ಅದು ಮಾಂಸದ ನೀರಿನಲ್ಲಿ ಕುದಿಸಿದ್ದಿರಬಹುದು. ಮಾಂಸ ತಿನ್ನುವವರಿಗೆ ಪೆಲ್ಮೆನಿ ಇದೆ, ಕಡುಬಿನ ಜಾತಿಯದು. ಕರಾವಳಿಯ ಮಕ್ಕಳೇ, ಈರುಳ್ಳಿ ಹಾಕಿದ ಉಪ್ಪು ಹೆರಿಂಗ್ ಮೀನು ಬಿಡಬೇಡಿ. ರಾತ್ರಿ ಕಪ್ಪು ಬ್ರೆಡ್ಡಿನ ಜೊತೆ ಒಂದು ಲೋಟ ಕೆಫೀರ್, ಅಂದರೆ ಮಜ್ಜಿಗೆಯಂಥ ಹುಳಿ ಹಾಲು, ಕುಡಿಯಿರಿ. ಎಲ್ಲದರ ಮೇಲೂ ಹಸಿರು ಉದುರಿಸಿರುತ್ತಾರೆ, ಹೆದರಬೇಡಿ, ಅದು ಸಬ್ಬಸಿಗೆ ಸೊಪ್ಪು.

ತಾಯಂದಿರೇ, ಚಟ್ನಿಪುಡಿ ಧಾರಾಳವಾಗಿ ಕಟ್ಟಿಕೊಡಿ. ಅಕ್ಕಿ ಮಾತ್ರ ಹೊರಿಸಬೇಡಿ. ರಷ್ಯಾದ ದಕ್ಷಿಣದ ಕ್ರಾಸ್ನೊದಾರ್ ಸೀಮೆಯಲ್ಲಿ ಬೆಳೆದ ಗುಂಡಕ್ಕಿ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಅಕ್ಕಿಯ ಜಾಗದಲ್ಲಿ ಇನ್ನೊಂದು ದಪ್ಪ ಸ್ವೆಟರ್ ಇಡಿ. ನಮಸ್ಕಾರ.